ಅವರ ಮೂಲವ್ಯಾಧಿ, ನನ್ನ ಬದನೆಕಾಯಿ

ನನ್ನ ಗಂಡನಿಗೆ ಮೂಲವ್ಯಾಧಿ ಇದೆ ಎಂಬುದು ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲರಿಗೂ ಗೊತ್ತಿತ್ತು. ಆ ದಾರಿಯಲ್ಲಿ ಖಾಸಗಿ ಬಸ್ಸು ಓಡಿಸುವ ಮನುಷ್ಯ ಸ್ಕೂಟರಿನ ಟ್ಯೂಬಿಗೆ ಗಾಳಿ ತುಂಬಿ ಅದರ ಮೇಲೆ ಕೂತರೆ ಯಾರಿಗೆ ತಾನೇ ತಿಳಿಯುವುದಿಲ್ಲ?

ಅದೇ ರೋಗ ನನಗೂ ಇತ್ತು, ಎರಡನೆಯ ಹೆರಿಗೆಯಾದಾಗಿನಿಂದ. ತಂಬ್ರಹಳ್ಳಿಯ ಅಂಗನವಾಡಿಯಲ್ಲಿ ದಿನವಿಡೀ ಮಕ್ಕಳ ಜೊತೆ ನೆಲದ ಮೇಲೆ ಕೂರುವವಳು ನಾನು. ಒಂದು ಮಗ್ಗುಲಿಗೆ ವಾಲಿ ಕೂರುವುದನ್ನು ಕಲಿತಿದ್ದೆ. ತಡೆಯಲಾರದೆ ಒಮ್ಮೆ ಮನೆಯಲ್ಲಿ ಬಾಯಿಬಿಟ್ಟೆ. ಹಡೆದವರಿಗೆಲ್ಲ ಇದ್ದದ್ದೇ ಎಂದು ಅತ್ತೆ ಸಜ್ಜೆ ಹಸನು ಮಾಡುವುದನ್ನು ಮುಂದುವರಿಸಿದರು. ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಇವರು ಮಜ್ಜಿಗೆ ಕೇಳಿದರು.

ಗಂಡಸಿನ ಮೂಲವ್ಯಾಧಿಯ ಗತ್ತೇ ಬೇರೆ. ಬಸ್ಸು ಹತ್ತಿದವರೆಲ್ಲ ವೈದ್ಯರಾದರು. ಹರಪನಹಳ್ಳಿಯವನೊಬ್ಬ ಕುದುರೆ ಲಾಳದ ಉಂಗುರ ಹಾಕಿಕೊಳ್ಳಲು ಹೇಳಿದ. ಬೆರಳಿಗೂ ಆ ಜಾಗಕ್ಕೂ ಏನು ಸಂಬಂಧವೆಂದು ಇವರು ಕೇಳಲಿಲ್ಲ, ಹಾಕಿಕೊಂಡರು. ಕೊಟ್ಟೂರಿನಲ್ಲಿ ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್ನಿಗೆ ಗುಣ ಎಂದು ಬೋರ್ಡು ಹಾಕಿಕೊಂಡವನೊಬ್ಬ ಏನನ್ನೋ ಚುಚ್ಚಿದ. ಏನು ಓದಿದ್ದೀರಿ ಎಂದು ಕೇಳಿದರೆ ಗೋಡೆಯ ಮೇಲಿನ ದೇವರ ಫೋಟೊ ತೋರಿಸುವ ಆಸಾಮಿ. ಅವನ ಇಂಜೆಕ್ಷನ್ನಿನ ಉರಿಗೆ ಇವರು ವಾರವಿಡೀ ಬೋರಲು ಮಲಗಿದರು.

ಕೊನೆಗೆ ಹಂಪಸಾಗರದ ಕಡೆಯ ಮುದುಕನೊಬ್ಬ ಬೇರು ಕೊಟ್ಟ. ಮಜ್ಜಿಗೆಯಲ್ಲಿ ತೇಯ್ದು ಬರಿಹೊಟ್ಟೆಗೆ ಕುಡಿಯಬೇಕು. ಪಥ್ಯ ಬಿಗಿ: ಖಾರವಿಲ್ಲ, ಬದನೆಕಾಯಿ ಇಲ್ಲ, ಒಗ್ಗರಣೆಯ ಘಾಟೂ ಮೂಗಿಗೆ ತಾಗಬಾರದು. ನಮ್ಮ ಕಡೆಯ ಪಥ್ಯದ ಜಾಣತನ ಇಲ್ಲೇ ಇದೆ. ಗುಣವಾದರೆ ಬೇರಿನ ಮಹಿಮೆ, ಆಗದಿದ್ದರೆ ಅಡಿಗೆ ಮಾಡಿದವಳ ತಪ್ಪು. ಮದ್ದು ಕೊಟ್ಟವನು ಎಂದೂ ಸೋಲುವುದಿಲ್ಲ.

ಮನೆಮಂದಿಯೆಲ್ಲ ಸಪ್ಪೆ ಉಂಡೆವು. ಇವರು ಮಾತ್ರ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಸಂಜೆ ಮಂಡಕ್ಕಿ, ಮಿರ್ಚಿ ತಿಂದು ಬರುತ್ತಿದ್ದರು. ಬಟ್ಟೆ ಒಗೆಯುವಾಗ ಅಂಗಿಯ ಜೇಬಿನಿಂದ ಎಣ್ಣೆ ಹಿಡಿದ ಪೇಪರು ತೆಗೆದವಳು ನಾನೇ. ಕೇಳಿದರೆ, ಅದು ಮನೆಯ ಊಟವಲ್ಲವಾದ್ದರಿಂದ ಪಥ್ಯ ಮುರಿದ ಹಾಗಲ್ಲವಂತೆ. ಹೊಟ್ಟೆ ಎರಡು ಇರಬೇಕು ಇವರಿಗೆ.

ರಕ್ತ ಬೀಳುವುದು ಹೆಚ್ಚಾಯಿತು, ಇವರ ಮುಖ ಬಿಳಿಚಿಕೊಂಡಿತು. ಅತ್ತೆ ನೇರವಾಗಿ ಅಡಿಗೆಮನೆಗೆ ಬಂದು ಪಾತ್ರೆಗಳ ಮುಚ್ಚಳ ತೆಗೆದು ನೋಡಿದರು. ಮಗಳ ಹಟಕ್ಕೆ, ಪಥ್ಯ ಶುರುವಾದ ಮೇಲೆ ಅವತ್ತೇ ಮೊದಲ ಸಲ ನಾನು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ.

"ನನ್ನ ಮಗನ ಪಥ್ಯ ನೀನ ಕೆಡಿಸಿದಿ ನೋಡವ್ವ," ಎಂದರು.

ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮ ಮನೆಯ ಎಮ್ಮೆಗೂ ಜ್ವರವಿತ್ತು, ಯಾರೂ ಮುಟ್ಟಿ ನೋಡಿರಲಿಲ್ಲ.

ಮರುದಿನ ಇವರನ್ನು ಹಗರಿಬೊಮ್ಮನಹಳ್ಳಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ಹೆಂಗಸು ಎಂದು ಗೊತ್ತಾದದ್ದೇ ತಡ, ಇವರು ಬಾಗಿಲಲ್ಲೇ ನಿಂತರು. ಬಸ್ಸಿನ ತುಂಬ ಜನಕ್ಕೆ ಹೇಳಿಕೊಂಡ ಕಾಯಿಲೆಗೆ ಅಲ್ಲಿ ನಾಚಿಕೆ ಹುಟ್ಟಿತು. ನಾನು ಹಿಂದಿನಿಂದ ನೂಕಿದೆ.

ಡಾಕ್ಟರು ಪರೀಕ್ಷೆ ಮಾಡಿ, ಎಲ್ಲದಕ್ಕೂ ಕತ್ತರಿ ಬೇಡ, ಒಳಗಿನ ಗಂಟಿನ ಬುಡಕ್ಕೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿದರೆ ಒಣಗಿ ಉದುರುತ್ತದೆ ಎಂದರು. ಸೊಪ್ಪು, ಕಾಳು, ನೀರು ಹೆಚ್ಚಿರಲಿ, ತಿಣುಕಬೇಡಿ, ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂತರೆ ನೋವು ಇಳಿಯುತ್ತದೆ, ರಕ್ತ ಬಿದ್ದರೆ ಉಷ್ಣ ಎಂದು ಸುಮ್ಮನಿರಬಾರದು, ಬಂದು ತೋರಿಸಬೇಕು ಎಂದರು. ಬದನೆಕಾಯಿಯ ಹೆಸರನ್ನೇ ಎತ್ತಲಿಲ್ಲ. ನಾನೇ ಕೇಳಿದೆ. ಧಾರಾಳವಾಗಿ ತಿನ್ನಿ ಎಂದರು.

ಎಲ್ಲ ಮುಗಿದ ಮೇಲೆ ಇವರು ಪ್ಯಾಂಟು ಸರಿಮಾಡಿಕೊಂಡು ಹೊರಬಂದು, ರೂಢಿಯಂತೆ ಚೀಲವನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಚೀಟಿ ಮಾಡಸ್ರಿ," ಎಂದೆ.

"ಯಾರಿಗೆ?"

"ನನಗ. ನಿಮಗಿಂತ ಮೊದಲಿಂದ ಐತಿ."

ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೇಳಬಾರದೇನು?"

"ಹೇಳಿದ್ದೆ. ನೀವು ಮಜ್ಜಿಗಿ ಹಾಕು ಅಂದ್ರಿ."

ಡಾಕ್ಟರು ಒಳಗಿನಿಂದ ಕರೆದರು. ನಾನು ಹೋಗಿ ಪರದೆ ಎಳೆದುಕೊಂಡೆ. ಹೊರಗೆ ಬೆಂಚು ಖಾಲಿ ಇತ್ತು. ಕೂರಲಾಗದೆ ಇವರು ಚೀಲ ಹಿಡಿದುಕೊಂಡು, ನಾನು ಬರುವವರೆಗೆ ನಿಂತೇ ಇದ್ದರು.