ನಾರ್ಡುವಿನ ನಲವತ್ನಾಲ್ಕು ಶೀಶೆಗಳು

ಹಾಲ್ ಬುಲಾತ್ ಊರಿನಲ್ಲಿ ನಾರ್ಡು ಶೆರ್ರಿಯ ಹೆಸರೆತ್ತಿದರೆ ಜನ ತಮಗೇ ಗೊತ್ತಿಲ್ಲದೆ ಒಮ್ಮೆ ತಲೆಯೆತ್ತಿ ಆಕಾಶ ನೋಡುತ್ತಾರೆ. ಆಗಸ್ಟಿನ ಸಾಂತಾ ಮರಿಯಾ ಹಬ್ಬದಲ್ಲಿ ಇಗರ್ಜಿಯ ಗುಮ್ಮಟದ ಮೇಲೆ ಅರಳುತ್ತಿದ್ದಂಥ ನೀಲಿ ಇಡೀ ಮಾಲ್ಟಾದಲ್ಲಿ ಇನ್ನೆಲ್ಲೂ ಇರಲಿಲ್ಲ ಎಂದು ಆ ಹಬ್ಬ ನಡೆಸುವ ನೀಲಿ ಪಕ್ಷದವರು ಹೇಳುತ್ತಾರೆ. ಜುಲೈಯಲ್ಲಿ ಸಾನ್ ಜಾಕ್ಬುವಿನ ಹಬ್ಬ ಮಾಡುವ ಕೆಂಪು ಪಕ್ಷದವರು ಹಾಗೆ ಹೇಳುವುದಿಲ್ಲ, ಆದರೆ ಸುಳ್ಳು ಎಂದೂ ಹೇಳುವುದಿಲ್ಲ.

ನಾರ್ಡು ಬಾಣಬಿರುಸು ಕಟ್ಟಿದವರಲ್ಲ. ಕಟ್ಟುವವರು ಬೇರೆ ಇದ್ದರು: ಒಬ್ಬ ಗಾರೆಯವನು, ಒಬ್ಬ ಬಸ್ಸಿನ ಡ್ರೈವರು, ಒಬ್ಬ ಬ್ಯಾಂಕಿನವನು. ಕೆಲಸ ಮುಗಿಸಿ, ಬಟ್ಟೆ ಬದಲಿಸಿ, ಊರ ಹೊರಗಿನ ಹೊಲದಲ್ಲಿದ್ದ ಮದ್ದಿನ ಕೋಣೆಗೆ ಹೋಗಿ ಸಂಬಳವಿಲ್ಲದೆ ದುಡಿಯುವ ಹುಚ್ಚರು. ನಾರ್ಡು ಅವರಿಗೆ ಬಣ್ಣ ತಂದುಕೊಡುತ್ತಿದ್ದರು. ಹಡಗುಕಟ್ಟೆಯ ಉಗ್ರಾಣದಲ್ಲಿ ನೌಕರಿ. ಯಾವ ಸರಕು ಯಾವ ದೇಶದಲ್ಲಿ ಸಿಗುತ್ತದೆ, ಯಾವ ಕಾಗದಕ್ಕೆ ಯಾರ ಸಹಿ ಬೇಕು ಎಂಬುದು ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಎಪ್ಪತ್ತೊಂದನೇ ಇಸವಿಯಿಂದ ಪ್ರತಿ ಫೆಬ್ರವರಿಯಲ್ಲೂ ದೋಣಿ ಹತ್ತಿ ಸಿಸಿಲಿಗೆ ಹೋಗಿ ಬರುತ್ತಿದ್ದರು. ಆಮೇಲೆ ಪೊಲೀಸರ ಪರವಾನಗಿಗೆ ಕಾಯುವುದು, ಸರ್ಕಾರಿ ಗೋದಾಮಿನಲ್ಲಿ ಮೂಟೆ ಕೊಳೆಯದಂತೆ ದಿನಕ್ಕೊಮ್ಮೆ ಹೋಗಿ ಜಗಳವಾಡುವುದು, ಕೊನೆಗೆ ಮದ್ದಿನ ಎಚ್ಚರಿಕೆಗೆ ಕೆಂಪು ಬಾವುಟ ಕಟ್ಟಿದ ಲಾರಿಯ ಮುಂದಿನ ಸೀಟಿನಲ್ಲಿ ಮದುವೆ ಗಂಡಿನ ಹಾಗೆ ಕೂತು ಊರಿಗೆ ಬರುವುದು. ನೀಲಿ ಎಲ್ಲಿ ಸಿಗುತ್ತದೆ ಎಂದು ಮಾತ್ರ ಹಬ್ಬದ ಸಂಘದವರಿಗೂ ಹೇಳಿದವರಲ್ಲ. ಕೆಂಪು, ಹಸಿರು ಯಾರು ಬೇಕಾದರೂ ತರಬಹುದು, ನೀಲಿಗೆ ಮಾತ್ರ ಕಣ್ಣು ಬೇಕು ಎನ್ನುತ್ತಿದ್ದರು.

ಆ ಕಣ್ಣಿನ ಪರೀಕ್ಷೆ ನಡೆಯುತ್ತಿದ್ದುದು ಹೆಂಡತಿ ಚೆಟ್ಟಾಳ ಅಡುಗೆಮನೆಯಲ್ಲಿ. ಹೊಸ ಮಾಲು ಬಂದ ದಿನ ಕಿಟಕಿ ಮುಚ್ಚಿ, ತಂತಿಯ ತುದಿಗೆ ಚಿಟಿಕೆಗಿಂತ ಕಡಿಮೆ ಪುಡಿ ಹಿಡಿಸಿ ಗ್ಯಾಸಿನ ಉರಿಗೆ ತೋರಿಸುತ್ತಿದ್ದರು. ಅದಕ್ಕೆ ಮೊದಲು ಒಲೆಯ ಮೇಲಿನ ಪಾತ್ರೆಗಳೆಲ್ಲ ಅಂಗಳಕ್ಕೆ. ಕೈ ತೊಳೆಯಲು ನಲ್ಲಿ ನೀರು ಆಗದು, ಮನೆಯಡಿಯ ತೊಟ್ಟಿಯ ಮಳೆನೀರೇ ಆಗಬೇಕು. ಸುತ್ತ ಸಮುದ್ರವಿರುವ ಊರಲ್ಲಿ ಗಾಳಿಯಲ್ಲೂ ಉಪ್ಪು, ಬೆವರಲ್ಲೂ ಉಪ್ಪು. "ಉಪ್ಪು ಕಳ್ಳ ಕಣೇ ಚೆಟ್ಟಾ," ಎನ್ನುತ್ತಿದ್ದರು. "ಒಂದು ಹರಳು ಸಾಕು, ನನ್ನ ನೀಲೀನ ನುಂಗಿ ಹಳದಿ ಕಕ್ಕುತ್ತೆ." ಚೆಟ್ಟಾಗೆ ಆ ಮಾತಾಗಲಿ ಆ ಪುಡಿಯಾಗಲಿ ಬೇಡ. ಪರೀಕ್ಷೆ ಮುಗಿಯುವವರೆಗೂ ತಾರಸಿಗೆ ಹೋಗಿ ಬಟ್ಟೆ ಒಣಹಾಕುತ್ತಿದ್ದಳು. ಬಣ್ಣದವನ ಹೆಂಡತಿಯಾಗಿ ನಲವತ್ತು ವರ್ಷ ಕಳೆದರೂ ಬಣ್ಣದ ಪುಡಿ ನೋಡಲು ಹೇಗಿರುತ್ತದೆಂದು ಇವಳಿಗೆ ಗೊತ್ತಿಲ್ಲ ಎಂದು ನಾರ್ಡು ಬಂದವರೆದುರಿಗೆಲ್ಲ ನಗುತ್ತಿದ್ದರು.

ಪರೀಕ್ಷೆಯಾದ ಮೇಲೆ ಒಂದಿಷ್ಟು ಪುಡಿಯನ್ನು ಕಂದು ಗಾಜಿನ ಔಷಧಿ ಶೀಶೆಗೆ ತುಂಬಿ, ಬಾಯಿಗೆ ಮೇಣದ ಕಾಗದ ಕಟ್ಟಿ, ಇಸವಿ ಬರೆದು ತಾರಸಿಯ ಬಟ್ಟೆ ಒಗೆಯುವ ಕೋಣೆಯ ಹಲಗೆಯ ಮೇಲೆ ಇಡುತ್ತಿದ್ದರು. ನಲವತ್ನಾಲ್ಕು ವರ್ಷ, ನಲವತ್ನಾಲ್ಕು ಶೀಶೆ. ಕೊನೆಯದು ಎರಡು ಸಾವಿರದ ಹದಿನಾಲ್ಕನೇ ಇಸವಿಯದು.

ಆ ವರ್ಷ ಫೆಬ್ರವರಿಯಲ್ಲಿ ಸಿಸಿಲಿಯ ಕತಾನಿಯಾದಲ್ಲಿ ತಮಗೆ ನೀಲಿ ಕೊಡುತ್ತಿದ್ದ ವ್ಯಾಪಾರಿಯ ಅಂಗಡಿಗೆ ಹೋದಾಗ ಒಳಗೆ ಕೆಂಪು ಪಕ್ಷದ ಇಬ್ಬರು ಕಾಫಿ ಕುಡಿಯುತ್ತ ಕೂತಿದ್ದರು. ಬೇರೆ ಊರಿನವರಾಗಿದ್ದರೆ ಮೂರನೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಹಾಲ್ ಬುಲಾತ್‌ನಲ್ಲಿ ಕೆಂಪಿನವರಿಗೆ ಮದುವೆ ಮಾಡಿಕೊಟ್ಟ ತಂಗಿಯ ಮನೆಗೆ ಜುಲೈ ತಿಂಗಳಿಡೀ ಕಾಲಿಡದವರಿದ್ದಾರೆ. ನಾರ್ಡು ಬಾಗಿಲಿಂದಲೇ ತಿರುಗಿ ಹೊರಬಿದ್ದರು. ಆ ವ್ಯಾಪಾರಿಯ ಜೊತೆ ನಲವತ್ಮೂರು ವರ್ಷದ ನಂಟು ಒಂದು ಲೋಟ ಕಾಫಿಗೆ ಮುಗಿಯಿತು. ಸಿರಾಕುಸಾದಲ್ಲಿ ಯಾರೋ ಹೊಸಬನಿಂದ ನೀಲಿ ತಂದರು. ಮೂಟೆ ತಡವಾಗಿ, ಜೂನ್ ತಿಂಗಳಲ್ಲಿ ಬಂತು. ಬಂದ ದಿನ ಅವರಿಗೆ ಜ್ವರ. ಶೀಶೆಗೆ ತುಂಬಿಸಿದರು, ಆದರೆ ಉರಿಗೆ ತೋರಿಸಲಿಲ್ಲ. ಬಾಣ ಕಟ್ಟುವವರಲ್ಲಿ ಒಬ್ಬನಾಗಿದ್ದ ಅಳಿಯ ವಿಸ್ತಿನ್ ಕೆಳಗೆ ಕಾಯುತ್ತಿದ್ದ, ಮೂಟೆಯನ್ನು ಹಾಗೇ ಮದ್ದಿನ ಕೋಣೆಗೆ ಒಯ್ದ.

ನಾಲ್ಕನೇ ದಿನ ಶನಿವಾರ. ಮಗಳು ಮಾರ್ತೀಸ್ ಐದು ತಿಂಗಳ ಬಸುರಿ, ವಿಸ್ತಿನ್ ಮಧ್ಯಾಹ್ನ ಬರುತ್ತಾನೆಂದು ರೊಟ್ಟಿಗೆ ಟೊಮೆಟೊ ಉಜ್ಜುತ್ತಿದ್ದಳು. ಕಿಟಕಿಯ ಗಾಜು ಒಳಗೆ ಬಂತು, ಆಮೇಲೆ ಸದ್ದು ಬಂತು. ಮದ್ದಿನ ಕೋಣೆ ಇದ್ದ ಜಾಗದಲ್ಲಿ ಕೋಣೆ ಇರಲಿಲ್ಲ. ವಿಸ್ತಿನ್ ಜೊತೆ ಬಸ್ಸಿನ ಡ್ರೈವರೂ ಹೋದ. ವಿಚಾರಣೆ ನಡೆಸಿದ ನ್ಯಾಯಾಧೀಶರು ಕಾರಣ ಹೇಳಲು ಬರುವುದಿಲ್ಲ ಎಂದು ಬರೆದರು. ಕಸ ಬೆರೆತ ಬಣ್ಣ ಮದ್ದಿಗೆ ಸೇರಿದರೆ ಮದ್ದು ತಾನಾಗಿ ಹೊತ್ತಿಕೊಳ್ಳಬಹುದು ಎಂಬುದು ಊರಿಗೆಲ್ಲ ಗೊತ್ತಿತ್ತು. ಊರು ನಾರ್ಡುವನ್ನು ಒಂದು ಮಾತೂ ಅನ್ನಲಿಲ್ಲ, ಆದರೆ ಅವರನ್ನು ಕಂಡಾಗ ರೋಗಿಯ ಜೊತೆ ಆಡುವಂಥ ಮೆಲುದನಿಯಲ್ಲಿ ಮಾತಾಡತೊಡಗಿತು. ಅಂದಿನಿಂದ ಅವರು ಬಣ್ಣದ ವಿಷಯ ಬಿಟ್ಟರು. ಹೆರಿಗೆಗೆಂದು ಅಪ್ಪನ ಮನೆಗೆ ಬಂದ ಮಾರ್ತೀಸ್ ಅಲ್ಲೇ ಉಳಿದಳು. ಮೂರು ವರ್ಷದ ಹಿಂದೆ ಚೆಟ್ಟಾ ತೀರಿಕೊಂಡಳು. ಎಂಟು ವರ್ಷದಲ್ಲಿ ಆ ಮನೆಯೊಳಗೆ ಯಾರೂ ಮೂಟೆಯ ಮಾತು ಎತ್ತಲಿಲ್ಲ.

ಈಗ ನಾರ್ಡು ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಮಹಡಿಯ ಕೋಣೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದರು. ಹಬ್ಬದವರೆಗೆ ಇದ್ದರೆ ಹೆಚ್ಚು ಎಂದಿದ್ದರು ಡಾಕ್ಟರು. ಮಾರ್ತೀಸ್ ಗೋಡೆಯ ಈಚೆಯಿಂದ ಅಪ್ಪನ ಉಸಿರು ಎಣಿಸುತ್ತಿದ್ದಳು. ಏಳು ವರ್ಷದ ಮಗಳು ಕ್ಲಾರಿಸ್ಸಾಳ ಉಸಿರನ್ನೂ ಎಣಿಸುತ್ತಿದ್ದಳು, ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಹಬ್ಬದ ದಿನಗಳಲ್ಲಿ ಬೆಳಗ್ಗೆ ಎಂಟಕ್ಕೆ ಸಿಡಿಮದ್ದು ಹಾರಿದರೆ ಮಗು ಚಪ್ಪಾಳೆ ತಟ್ಟುತ್ತಿತ್ತು, ತಾಯಿ ಮಗುವಿನ ಕಿವಿ ಮುಚ್ಚುತ್ತಿದ್ದಳು.

ಜುಲೈ ಕೊನೆಗೆ ಸಂಘದ ಕಾರ್ಯದರ್ಶಿ ಸ್ಪಿರು ಬಂದ. ಕುರ್ಚಿಯ ತುದಿಯಲ್ಲಿ ಕೂತು, ಟೋಪಿ ತಿರುಗಿಸುತ್ತ, ಎಂಟು ವರ್ಷದಿಂದ ನಮ್ಮ ನೀಲಿ ಬೂದಿಯ ಹಾಗಿದೆ, ಕೆಂಪಿನವರು ಅದಕ್ಕೆ ಹೊಗೆಯ ಮರಿಯಾ ಎಂದು ಹೆಸರಿಟ್ಟಿದ್ದಾರೆ ಎಂದು ಹೇಳಿಕೊಂಡ. ಆಮೇಲೆ ಬಂದ ಕೆಲಸ ಹೇಳಿದ. "ಆ ಅಂಗಡಿ ಹೆಸರೊಂದು ಕೊಟ್ಬಿಡಿ ಸುರ್ ನಾರ್ಡು. ನಿಮ್ಮ ಜೊತೆ ಮಣ್ಣಿಗೆ ಹೋಗೋದು ಬೇಡ."

"ಕೊಡ್ತೀನಿ," ಎಂದರು ನಾರ್ಡು. "ಅದಕ್ಕೆ ಮುಂಚೆ ನಂಗೊಂದು ಗೊತ್ತಾಗ್ಬೇಕು."

ಸ್ಪಿರು ಹೋದ ಮೇಲೆ ಮಗಳನ್ನು ಕರೆದು ಹದಿನಾಲ್ಕರ ಶೀಶೆ ತರಲು ಹೇಳಿದರು. ತಾವು ತಂದ ಮಾಲಿನಲ್ಲಿ ಕಸ ಬೆರೆತಿತ್ತೋ ಇಲ್ಲವೋ ಉರಿಗೆ ಹಿಡಿದು ನೋಡಬೇಕು. ಎಂಟು ವರ್ಷ ಧೈರ್ಯ ಬರಲಿಲ್ಲ, ಈಗ ನೋಡದೆ ಸಾಯಲು ಆಗುವುದಿಲ್ಲ ಎಂದರು. ಮಾರ್ತೀಸ್ ಆಮ್ಲಜನಕದ ಯಂತ್ರ ತೋರಿಸಿ, ಇದರ ಪಕ್ಕದಲ್ಲಿ ಬೆಂಕಿ ಹೊತ್ತಿಸಿ ಮನೆಯಲ್ಲಿ ಉಳಿದಿರುವವರನ್ನೂ ಕಳುಹಿಸಬೇಕಾ ಎಂದು ಕೇಳಿದಳು. ಬಾಯಿಂದ ಬಿದ್ದ ಮೇಲೆ ಆ ಮಾತು ಎಲ್ಲಿ ತಗುಲಿತೆಂದು ಗೊತ್ತಾಗಿ ಅಂಗೈಯಿಂದ ಬಾಯಿ ಒರೆಸಿಕೊಂಡಳು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ತನ್ನ ಜೊತೆ ಓದಿದ ರೊಜಾನ್ ಇದ್ದಾಳೆ, ಅವಳಿಂದ ಸರಿಯಾಗಿ ನೋಡಿಸಿಕೊಂಡು ಬರುತ್ತೇನೆ ಎಂದಳು.

ಮಾರನೇ ದಿನ ಶೀಶೆಯನ್ನು ಕ್ಲಾರಿಸ್ಸಾಳ ಹಳೇ ಸ್ವೆಟರಿನಲ್ಲಿ ಸುತ್ತಿ ಬಸ್ಸು ಹತ್ತಿದಳು. ಬರೀ ಬಣ್ಣದ ಪುಡಿ ತಾನಾಗಿ ಸಿಡಿಯುವುದಿಲ್ಲ ಎಂದು ಅಪ್ಪ ನೂರು ಸಲ ಹೇಳಿದ್ದರು. ಆದರೂ ಪ್ರತಿ ಗುಂಡಿಗೂ ಶೀಶೆಯನ್ನು ತೊಡೆಯಿಂದ ಎತ್ತಿ ಹಿಡಿದಳು, ಪಕ್ಕಕ್ಕೆ ಕೂರಲು ಬಂದ ಬಸುರಿಯೊಬ್ಬಳನ್ನು ಹಿಂದಿನ ಸೀಟಿಗೆ ಕಳುಹಿಸಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಲೆಕ್ಕ. ಪುಡಿ ಶುದ್ಧವಿದ್ದರೆ ವಿಸ್ತಿನ್ ಸುಮ್ಮನೆ ಸತ್ತ. ಅಶುದ್ಧವಿದ್ದರೆ ಅಪ್ಪನಿಂದ ಸತ್ತ. ಎರಡರಲ್ಲಿ ಯಾವುದು ಬೇಕೆಂದು ಅವಳಿಗೆ ತಿಳಿಯಲಿಲ್ಲ.

ರೊಜಾನ್ ಅರ್ಧ ಗಂಟೆಯಲ್ಲಿ ಹೊರಗೆ ಬಂದಳು. ಮುಖದಲ್ಲಿ ನಗು ತಡೆದ ಗುರುತಿತ್ತು.

"ಯಾರು ಕೊಟ್ರೇ ಇದನ್ನ? ಇದು ಅಡುಗೆ ಉಪ್ಪು. ಜೊತೆಗೆ ಬಟ್ಟೆಗೆ ಹಾಕೋ ನೀಲಿ ಬೆರೆಸಿದ್ದಾರೆ."

ಬಾಣಕ್ಕೆ ನೀಲಿ ಕೊಡುವ ತಾಮ್ರದ ಪುಡಿ ನೀಲಿಯಾಗಿರುವುದಿಲ್ಲ, ಹಸಿರಾಗಿರುತ್ತದೆ ಎಂದು ಅವಳು ವಿವರಿಸುತ್ತಲೇ ಇದ್ದಳು. ಮಾರ್ತೀಸ್ ಶೀಶೆಯ ಬಾಯಿಯಿಂದ ಬಿಚ್ಚಿದ್ದ ದಾರವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಅಪ್ಪ ಕಟ್ಟುತ್ತಿದ್ದುದು ಒಂದೇ ಗಂಟು. ಇದರಲ್ಲಿ ಎರಡು ಗಂಟು, ಮೇಲೊಂದು ಕುಣಿಕೆ. ಅಮ್ಮ ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗಿನ ಜಾಡಿಗೆ ಹೀಗೇ ಕಟ್ಟುತ್ತಿದ್ದಳು.

ಚೆಟ್ಟಾ ಯಾವಾಗ ಮಾಡಿದಳೋ. ಪೊಲೀಸರು ಶೀಶೆಗಳನ್ನು ಕೇಳಿಯಾರೆಂದು ಮೊದಲ ವಾರವೇ ಇರಬಹುದು. ಒಳಗಿದ್ದುದನ್ನು ಎಲ್ಲಿಗೋ ಚೆಲ್ಲಿ, ನೀಲಿ ಬರಬೇಕಾದರೆ ಪುಡಿ ನೀಲಿಯಾಗಿಯೇ ಇರಬೇಕೆಂದುಕೊಂಡು, ಅಡುಗೆಮನೆಯಿಂದ ಒಂದು, ಒಗೆಯುವ ಕಲ್ಲಿನ ಪಕ್ಕದಿಂದ ಒಂದು ತೆಗೆದು ಬೆರೆಸಿಟ್ಟಿದ್ದಳು. ಅಪ್ಪ ಇದನ್ನು ಉರಿಗೆ ಹಿಡಿದಿದ್ದರೆ ಹಳದಿ ಕಾಣುತ್ತಿತ್ತು. ತಾನೇ ಕೊಂದೆ ಎಂದುಕೊಂಡು ಸಾಯುತ್ತಿದ್ದರು. ಮಾರ್ತೀಸ್ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತಳು.

ಮನೆಗೆ ಬಂದರೆ ಅಪ್ಪ ಅಡುಗೆಮನೆಯಲ್ಲಿದ್ದರು. ಸ್ಪಿರುವನ್ನು ಕರೆಸಿಕೊಂಡು, ನಳಿಗೆಯನ್ನು ಮೇಲೆಯೇ ಬಿಟ್ಟು, ಅವನ ಹೆಗಲು ಹಿಡಿದು ಇಳಿದು ಬಂದು, ಅವನನ್ನು ಕಳುಹಿಸಿದ್ದರು. ತುಟಿ ಬಣ್ಣಗೆಟ್ಟಿತ್ತು. ಮಾರ್ತೀಸ್ ಪ್ರಯೋಗಾಲಯದವರು ಶುದ್ಧ ಎಂದರೆಂದು ಒಂದೇ ಉಸಿರಿಗೆ ಹೇಳಿದಳು.

"ಅವರು ಹೇಳ್ಲಿ. ನನ್ನ ಕಣ್ಣಿಗೆ ತೋರ್ಸು."

ತಂತಿ ತರುತ್ತೇನೆಂದು ಅವಳು ತಾರಸಿಗೆ ಓಡಿದಳು. ಹಲಗೆಯ ಮೇಲೆ ಕಣ್ಣಿನ ಮಟ್ಟಕ್ಕೆ ಎಂಬತ್ತೆಂಟರ ಶೀಶೆ ಇತ್ತು. ಅದರ ಪುಡಿಯನ್ನು ಒಂದು ಕಾಗದದ ಚೂರಿಗೆ ಸುರಿದುಕೊಂಡು ಬಂದು, ಬೆನ್ನು ಅಪ್ಪನ ಕಡೆಗಿಟ್ಟು, ತಂತಿಗೆ ಹಿಡಿಸಿ ಗ್ಯಾಸು ಹೊತ್ತಿಸಿದಳು. ತಂತಿ ಎರಡು ಸಲ ಉರಿಯಿಂದ ಹೊರಗೆ ಹೋಯಿತು. ಮೂರನೇ ಸಲ ನೀಲಿ ಬಂತು. ಅಂಚಿಗೆ ಎಳೆಯ ಹಸಿರು, ನಡುವೆ ಸಂಜೆಯ ಸಮುದ್ರದಂಥ ನೀಲಿ. ಅದು ಪೂರ್ತಿ ಆರುವವರೆಗೂ ನಾರ್ಡು ರೆಪ್ಪೆ ಹೊಡೆಯಲಿಲ್ಲ.

"ಒಳ್ಳೇ ನೀಲಿ," ಎಂದರು. ಸ್ವಲ್ಪ ಉಸಿರು ಕೂಡಿಸಿಕೊಂಡು ಮತ್ತೆ ಹೇಳಿದರು. "ನೀನು ಹುಟ್ಟಿದ ವರ್ಷದ್ದು ಇದು. ಅಂಚಲ್ಲಿ ಹಸಿರು ಬರೋದು ಅದೊಂದರಲ್ಲೇ. ಹದಿನಾಲ್ಕರದ್ದು ಏನಾಗಿತ್ತು ಹೇಳು."

ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಅಷ್ಟೇ ಇತ್ತು. ಎಲ್ಲ ಹೇಳಿದಳು, ಉಪ್ಪಿನದು, ಬಟ್ಟೆ ನೀಲಿಯದು, ಗಂಟಿನದು. ನಾರ್ಡುವಿನ ಎದೆಯಿಂದ ಮೊದಲು ಬಂದದ್ದು ನಗು. ನಲವತ್ತು ವರ್ಷ ಇದೇ ಒಲೆಯ ಮುಂದೆ ಬಾಳಿ ನೀಲಿ ಬೆರೆಸಿದಳಾ ಎಂದು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಆಮೇಲೆ ನಗು ನಿಂತು ಮುಖ ಸಣ್ಣದಾಯಿತು.

"ಅಂದ್ರೆ ಅವಳಿಗೂ ಅನುಮಾನ ಇತ್ತು," ಎಂದರು. "ನಂದೇ ತಪ್ಪು ಅಂತ ಅಂದ್ಕೊಂಡೇ ಐದು ವರ್ಷ ಪಕ್ಕದಲ್ಲಿ ಮಲಗಿದ್ಲು."

ಮಾರ್ತೀಸ್ ಗ್ಯಾಸು ಆರಿಸಿದಳು. ಆರಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಗುಂಡಿ ತಿರುಗಿಸಿ ನೋಡಿದಳು.

"ನಂಗೂ ಇತ್ತಪ್ಪಾ," ಎಂದಳು. "ಎಂಟು ವರ್ಷ. ದಿನಾ ಊಟ ಬಡಿಸುವಾಗ ಇತ್ತು. ಈಗಲೂ ಇದೆ. ಇನ್ನು ಅದು ಹೋಗಲ್ಲ. ನೀನು ಊಟ ಮಾಡದಿದ್ರೆ ನಂಗೆ ನಿದ್ದೆ ಬರಲ್ಲ ಅನ್ನೋದೂ ಹೋಗಲ್ಲ."

ನಾರ್ಡು ಮೇಜಿನ ಮೇಲಿದ್ದ ಅವಳ ಕೈಯನ್ನು ಹಿಡಿದು, ಅದರಲ್ಲಿ ಏನೋ ಹುಡುಕುವವರ ಹಾಗೆ ತಿರುಗಿಸಿ ನೋಡಿದರು. ಬೆರಳ ತುದಿಯಲ್ಲಿ ಸ್ವಲ್ಪ ಹಸಿರು ಪುಡಿ ಅಂಟಿತ್ತು. ತೊಟ್ಟಿ ನೀರಲ್ಲಿ ತೊಳೆದುಕೊ, ಮಗೂನ ಹಾಗೇ ಮುಟ್ಟಬೇಡ ಎಂದರು.

ಮಹಡಿ ಹತ್ತಿಸುವಾಗ ಆರನೇ ಮೆಟ್ಟಿಲಲ್ಲಿ ನಿಂತು ಕತಾನಿಯಾದ ವ್ಯಾಪಾರಿಯ ಹೆಸರು, ಬೀದಿ, ಬಾಗಿಲಿನ ಗುರುತು ಹೇಳಿದರು. ವ್ಯಾಪಾರಿ ಹೋಗಿದ್ದರೂ ಮಗನಿದ್ದಾನು. "ಸ್ಪಿರುಗೆ ಹೇಳು. ಕೆಂಪಿನವರು ಒಳಗೆ ಕೂತಿದ್ರೂ ಎದ್ದು ಬರೋದು ಬೇಡ. ಕಾಫಿ ಕೊಟ್ರೆ ಕುಡೀಲಿ."

ಹಬ್ಬಕ್ಕೆ ಆರು ದಿನವಿರುವಾಗ ನಾರ್ಡು ತೀರಿಕೊಂಡರು. ಶವಪೆಟ್ಟಿಗೆ ಇಗರ್ಜಿಯಿಂದ ಹೊರಬರುವಾಗ ಸಿಡಿಮದ್ದು ಹಾರಿಸಿ ಗೌರವ ಕೊಡಬೇಕೆಂದು ಸಂಘದವರು ಕೇಳಿದರು. ಮಾರ್ತೀಸ್ ಬೇಡವೆಂದಳು, ಯಾರೂ ಒತ್ತಾಯ ಮಾಡಲಿಲ್ಲ. ಆ ದಿನ ಊರಿನಲ್ಲಿ ಗಂಟೆಯ ಸದ್ದು ಮಾತ್ರ ಇತ್ತು. ಮೆರವಣಿಗೆಯ ಕೊನೆಯಲ್ಲಿ ಕೆಂಪು ಪಕ್ಷದ ಇಬ್ಬರು ಮುದುಕರು ಟೋಪಿ ತೆಗೆದು ಒಂದಷ್ಟು ದೂರ ಬಿಟ್ಟು ನಡೆದು ಬಂದರು. ಕತಾನಿಯಾದಲ್ಲಿ ಕೂತಿದ್ದವರು ಅವರೇ ಎಂದು ಆಮೇಲೆ ಯಾರೋ ಹೇಳಿದರು.

ಶೀಶೆಗಳನ್ನು ಸಂಘದವರು ಗಾಜಿನ ಕಪಾಟಿನಲ್ಲಿ ಇಡುತ್ತೇವೆಂದು ಒಯ್ದರು. ನಲವತ್ಮೂರು ಒಯ್ದರು. ಒಂದನ್ನು ಮಾರ್ತೀಸ್ ಕೊಡಲಿಲ್ಲ. ಅದಕ್ಕೆ ಅಮ್ಮನ ಹಾಗೆ ಎರಡು ಗಂಟು, ಮೇಲೊಂದು ಕುಣಿಕೆ ಹಾಕಲು ಒಂದು ಮಧ್ಯಾಹ್ನವಿಡೀ ಹೆಣಗಿದಳು. ಕುಣಿಕೆ ಪ್ರತಿ ಸಲವೂ ಬಿಚ್ಚಿಕೊಂಡಿತು. ಕ್ಲಾರಿಸ್ಸಾ ಪಕ್ಕದಲ್ಲಿ ನಿಂತು, ಒಳಗಿರುವುದು ಅಜ್ಜನ ನೀಲಿಯಾ ಎಂದು ಕೇಳಿದಳು.

"ಅಲ್ಲ, ಅಜ್ಜಿಯದು," ಎಂದಳು ಮಾರ್ತೀಸ್. ಬರೀ ಉಪ್ಪು ಎಂದು ಗೊತ್ತಿದ್ದರೂ, ಮಗುವಿಗೆ ಕೈ ಎಟುಕದಂತೆ ಹಲಗೆಯನ್ನು ಇನ್ನೂ ಮೇಲಕ್ಕೆ ಹೊಡೆಸಿದಳು.