ಮೈಕು ಹಿಡಿದ ಅಜ್ಜಿ

ಮೂರಂಕಿಯ ನಂಬರು ಒತ್ತಿದರೆ ಮನೆ ಬಾಗಿಲಿಗೆ ಬರುವ ಆಂಬುಲೆನ್ಸು ಹೊಸಪೇಟೆಗೆ ಹೊಸದಾಗಿ ಬಂದಾಗ ನಾನು ಅದರಲ್ಲಿ ನರ್ಸ್ ಆಗಿದ್ದೆ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಡ್ರೈವರು ಕಂಪ್ಲಿಯವರು, ಐವತ್ತು ದಾಟಿದವರು, ಮೊದಲು ರೈಸ್ ಮಿಲ್ಲಿನ ಲಾರಿ ಓಡಿಸಿದವರು. "ಅಕ್ಕಿ ಮೂಟಿ ಒದರತಿರಲಿಲ್ಲ ಸಿಸ್ಟರ್, ಇಲ್ಲಿ ಎಲ್ಲಾರೂ ಒದರತಾರ" ಎಂದು ಆಗಾಗ ಗೊಣಗುತ್ತಿದ್ದರು.

ಫೋನು ಮೊದಲು ಬೆಂಗಳೂರಿಗೆ ಹೋಗುತ್ತಿತ್ತು. ಅಲ್ಲಿ ಕುಳಿತವರು ಊರು, ಗುರುತು, ರೋಗಿಯ ಸ್ಥಿತಿ ಕೇಳಿಕೊಂಡು ನಮಗೆ ತಿಳಿಸಬೇಕು. ನಮ್ಮ ಜನವೋ, "ಬೇವಿನ ಗಿಡದ ಹತ್ರ ಬರ್ರಿ" ಎಂದುಬಿಡುತ್ತಿದ್ದರು. ಊರಲ್ಲಿ ಎಷ್ಟು ಬೇವಿನ ಗಿಡಗಳಿವೆ ಎಂಬುದು ಬೆಂಗಳೂರಿಗೆ ಹೇಗೆ ಗೊತ್ತಾಗಬೇಕು?

ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂದ ಕರೆಯೂ ಹಾಗೇ ಇತ್ತು. ಪಾಪಿನಾಯಕನಹಳ್ಳಿಯಲ್ಲಿ ಒಬ್ಬ ಅಜ್ಜಿ ಬಿದ್ದಿದ್ದಾಳೆ, ಕರೆದರೆ ಮಾತಾಡುತ್ತಿಲ್ಲ, ಬೇವಿನ ಗಿಡ. ಎರಡು ತಪ್ಪು ಗಿಡ ಸುತ್ತಿ ಮೂರನೆಯದರ ಬಳಿ ಮನೆ ಸಿಕ್ಕಿತು.

ಅಜ್ಜಿ ಅಂಗಳದಲ್ಲಿ ಮಲಗಿದ್ದಳು. ಸುತ್ತ ಹತ್ತು ಜನ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಿದ್ದರೆ ಇನ್ನೊಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು. ನಾಡಿ ನೋಡಿದೆ, ಗಟ್ಟಿಯಾಗಿತ್ತು. ಉಸಿರು ಚೆನ್ನಾಗಿತ್ತು. ಎಡಗೈ ಮಣಿಕಟ್ಟು ಮಾತ್ರ ಊದಿಕೊಂಡು ಸೊಟ್ಟಗಾಗಿತ್ತು. ಟಾರ್ಚು ಬಿಡಲು ರೆಪ್ಪೆ ಎತ್ತಹೋದೆ. ರೆಪ್ಪೆ ನನ್ನ ಬೆರಳಿನ ಜೊತೆ ಜಗ್ಗಾಡತೊಡಗಿತು. ಪ್ರಜ್ಞೆ ತಪ್ಪಿದವರ ರೆಪ್ಪೆ ಹಾಗೆ ಜಗಳಕ್ಕೆ ನಿಲ್ಲುವುದಿಲ್ಲ.

ಕೈಗೆ ರಟ್ಟು ಕಟ್ಟಿ ಸ್ಟ್ರೆಚರಿಗೆ ಎತ್ತಿಸಿದೆ. ಆ ಮನೆಯ ಹಿರಿಯ ಹೆಂಗಸು, "ಆಕಿ ಮಗ ಊರಾಗಿಲ್ಲ. ನಾ ಬರ್ತೀನ್ರಿ ಜೋಡಿ" ಎಂದು ಗಾಡಿ ಹತ್ತಲು ಬಂದರು. ಆ ಕ್ಷಣಕ್ಕೆ 'ಪ್ರಜ್ಞೆ ಇಲ್ಲದ' ಅಜ್ಜಿಯ ಬಲಗೈ ನನ್ನ ಮಣಿಕಟ್ಟನ್ನು ಇಕ್ಕಳದಂತೆ ಹಿಡಿಯಿತು. ನನಗೆ ಅರ್ಥವಾಯಿತು. "ನೀವು ಅವರ ಮಗನಿಗೆ ಸುದ್ದಿ ಮುಟ್ಟಿಸ್ರಿ, ಅದು ಮುಖ್ಯ" ಎಂದು ಬಾಗಿಲು ಹಾಕಿದೆ.

ಊರು ದಾಟುತ್ತಿದ್ದಂತೆ ಒಂದು ಕಣ್ಣು ತೆರೆಯಿತು. "ಹೋದ್ರೇನವಾ ಅವರು?"

"ಹೋದ್ರು. ಏನಾತ್ರಿ ಅಜ್ಜಿ?"

"ಅವರು ನಮ್ಮ ಬಾಜೂ ಮನಿಯವರು. ಅವರ ಮನ್ಯಾಗ ಅತ್ತಿ ಸೊಸಿ ಜಗಳಾ ಹತ್ತಿತ್ತು. ಅತ್ತಿ ಅಂದದ್ದು ಕೇಳ್ತಿತ್ತು, ಸೊಸಿ ಅಂದದ್ದು ಕೇಳವಲ್ದು. ಸ್ಟೂಲ್ ಹತ್ತಿ ಗ್ವಾಡಿ ಮ್ಯಾಲಿಂದ ಬಗ್ಗಿದೆ. ಸ್ಟೂಲ್ ಜಾರ್ತು. ಹೋಗಿ ಅವರ ಅಂಗಳದಾಗ ಬಿದ್ದೆ. ಎಚ್ಚರ ಐತಿ ಅಂದ್ರ ಇಲ್ಲಿಗೆ ಹೆಂಗ ಬಂದಿ ಅಂತ ಕೇಳ್ತಿದ್ದಿಲ್ಲೇನು? ಅದಕ್ಕ ಕಣ್ಣು ಮುಚ್ಚಿದೆ."

ಮುಂದಿನಿಂದ ಡ್ರೈವರ್ ಜೋರಾಗಿ ನಕ್ಕರು. ನಾನು ತುಟಿ ಕಚ್ಚಿಕೊಂಡೆ. ತಲೆಗೆ ಪೆಟ್ಟಾಗಿದೆಯೇ, ವಾಂತಿ ಬಂದಂತಿದೆಯೇ ಎಂದು ಕೇಳಿದೆ. "ತಲಿಗೆ ಏನೂ ಆಗಿಲ್ಲ. ಉಳ್ಳಾಗಡ್ಡಿ ವಾಸನಿಗೆ ಮಾತ್ರ ಸಾಯೋಹಂಗ ಆಗಿತ್ತು" ಎಂದಳು.

ಎರಡು ಕಿಲೋಮೀಟರು ಹೋಗಿರಲಿಲ್ಲ, ಗಾಡಿ ನಿಂತಿತು. ಮುಂದೆ ಕಣ್ಣು ಹರಿಯುವಷ್ಟು ದೂರ ಅದಿರು ಲಾರಿಗಳು. ಆ ವರ್ಷಗಳಲ್ಲಿ ಇದು ದಿನದ ಮಾತು. ಲಾರಿ, ಟಾರ್ಪಾಲು, ರಸ್ತೆ ಬದಿಯ ಜಾಲಿ ಗಿಡ, ಎಲ್ಲವೂ ಒಂದೇ ಕೆಂಪು. ಸೈರನ್ ಹಾಕಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಗಣಿಯ ದುಡ್ಡು ಕಂಡ ಕೆಲವರು ಕಾರಿಗೂ ಅಂಥದೇ ಸದ್ದು ಹಾಕಿಸಿಕೊಂಡಿದ್ದರು. ಒಳಗಿರುವುದು ರೋಗಿಯೋ ಧಣಿಯೋ ಯಾರಿಗೆ ಗೊತ್ತು?

ಡ್ರೈವರು ಎಡಗಡೆಯ ಮಣ್ಣಿಗೆ ಇಳಿಸಿ ಮೆಲ್ಲಗೆ ಸಾಗಿಸಿದರು. ಅರ್ಧ ಕಿಲೋಮೀಟರು ಮುಂದೆ ಸಾಲಿನ ಮೊದಲ ಲಾರಿ ರಸ್ತೆಗೆ ಅಡ್ಡ ನಿಂತಿತ್ತು. ಅದರ ಸುತ್ತ ಬೇರೆ ಲಾರಿಗಳ ಡ್ರೈವರುಗಳು ಗುಂಪುಗೂಡಿ ಬೈಯುತ್ತಿದ್ದರು. "ಕುಡದಾನ್ರಿ ಮಗ, ಸ್ಟೇರಿಂಗ್ ಮ್ಯಾಲೆ ಮಲಗ್ಯಾನ."

ಹತ್ತಿ ನೋಡಿದೆ. ನಲವತ್ತರ ಆಸುಪಾಸಿನವನು. ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು, ಮೈ ತಣ್ಣಗೆ. ಕುಡಿದ ವಾಸನೆ ಇರಲಿಲ್ಲ. ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಇತ್ತು. ಬೆರಳು ಚುಚ್ಚಿ ನೋಡಿದರೆ ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಮೂವತ್ತೆಂಟಕ್ಕೆ ಇಳಿದಿತ್ತು. ಬೆಳಿಗ್ಗೆ ಮಾತ್ರೆ ನುಂಗಿ, ಲೋಡಿಂಗ್ ಸಾಲಿನಲ್ಲಿ ಊಟವಿಲ್ಲದೆ ನಿಂತಿದ್ದನೆಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ನಗುತ್ತ ಬಂದವಳು ನಾನು.

ನಮ್ಮಲ್ಲಿದ್ದದ್ದು ಒಂದೇ ಸ್ಟ್ರೆಚರು. ಅಜ್ಜಿಗೆ ಹೇಗೆ ಹೇಳುವುದೆಂದು ತಿರುಗಿದರೆ ಆಕೆ ಆಗಲೇ ಇಳಿದು ನಿಂತಿದ್ದಳು. "ನನಗ ಕೈ ಮುರದೈತಿ, ಕಾಲಲ್ಲ. ಅಂವನ್ನ ಮಲಗಸ್ರಿ ಜಲ್ದಿ. ನಾ ಮುಂದ ಕುಂದರ್ತೀನಿ."

ಈಗಷ್ಟೇ ಬೈಯುತ್ತಿದ್ದವರೇ ನಾಲ್ಕು ಜನ ಅವನನ್ನು ಬೆಡ್‌ಶೀಟಿನಲ್ಲಿ ಇಳಿಸಿದರು. ಇನ್ನೊಬ್ಬ ಹತ್ತಿ ಅವನ ಲಾರಿಯನ್ನು ಬದಿಗೆ ಸರಿಸಿದ. ನಾನು ನರ ಹುಡುಕಿ ಗ್ಲೂಕೋಸ್ ಹಾಕಿದೆ. ಎರಡನೇ ಚುಚ್ಚಿಗೆ ನರ ಸಿಕ್ಕಿತು.

ಆದರೆ ಮುಂದೆ ಎದುರು ದಿಕ್ಕಿನ ಲಾರಿಗಳೂ ಸಿಕ್ಕಿಹಾಕಿಕೊಂಡಿದ್ದವು. ಡ್ರೈವರಿಗೆ ಎರಡೂ ಕೈ ಸ್ಟೇರಿಂಗಿಗೇ ಬೇಕಿತ್ತು. ದಾರಿ ಬಿಡಿ ಎಂದು ಕೂಗಲು ಗಾಡಿಯಲ್ಲೊಂದು ಮೈಕಿತ್ತು. "ಅಜ್ಜಿ, ಇದನ್ನ ಹಿಡಕೊಂಡು ದಾರಿ ಬಿಡ್ರಿ ಅಂತ ಅನ್ರಿ, ಸಾಕು" ಎಂದರು.

ಅಜ್ಜಿಗೆ ಅಷ್ಟು ಸಾಕಾಗಲಿಲ್ಲ.

"ಏ ಕೆಂಪು ಲಾರಿ, ಸರೀಲೇ!"

"ಎಲ್ಲಾ ಲಾರೀನೂ ಕೆಂಪ ಅದಾವಲ್ರಿ ಅಜ್ಜಿ" ಎಂದರು ಡ್ರೈವರು.

"ಹಂಗಾರ ಎಲ್ಲಾರೂ ಸರೀರಿ! ಏ ಮೀಸಿಯಾಂವ, ನಿನಗ ಹೇಳಾಕತ್ತೀನಿ. ಬೀಡಿ ಆಮ್ಯಾಲೆ ಸೇದು. ಒಳಗ ಮಲಗಿದಾಂವ ನಿನ್ನಂಗ ಲಾರಿ ಹೊಡಿಯಾಂವ ಅದಾನ. ನಾಳಿ ನೀ ಮಲಗಿದ್ರೂ ಹಿಂಗ ಒದರ್ತೀನಿ, ಸರಿ!"

ಮೀಸೆಯವನು ಬೀಡಿ ಬಿಸಾಕಿ ಲಾರಿ ಹತ್ತಿದ. ಒಂದೊಂದಾಗಿ ಲಾರಿಗಳು ಹಿಂದೆ ಮುಂದೆ ಜರುಗಿ ಸಂದು ಬಿಟ್ಟವು. ನಡುವೆ ಒಂದು ಬಿಳಿ ಕಾರು ನಮ್ಮ ಬೆನ್ನಿಗೆ ಅಂಟಿಕೊಂಡು ಬರತೊಡಗಿತು. ಅಜ್ಜಿ ಅದನ್ನು ಕನ್ನಡಿಯಲ್ಲಿ ಕಂಡಳು.

"ಹಿಂದಿನ ಬಿಳೀ ಕಾರಿನಾಂವಾ, ನಿನಗೇನ್ ಹೆರಿಗಿ ಬ್ಯಾನಿ ಬಂದೈತೇನು? ಬಂದಿದ್ರ ಹೇಳು, ಒಳಗ ನರ್ಸಮ್ಮ ಅದಾಳ!"

ರಸ್ತೆಯ ಎರಡೂ ಬದಿಯಿಂದ ನಗು ಎದ್ದಿತು. ಕಾರು ತಲೆ ತಗ್ಗಿಸಿದಂತೆ ಹಿಂದುಳಿಯಿತು. ನನ್ನ ಎದುರು ಸ್ಟ್ರೆಚರಿನಲ್ಲಿದ್ದವನು ಆಗ ಕಣ್ಣು ಬಿಟ್ಟ. ಆಕ್ಸಿಜನ್ ಸಿಲಿಂಡರು, ಬಿಳಿ ಛಾವಣಿ, ಎಲ್ಲಿಂದಲೋ ಕೇಳುವ ಮುದುಕಿಯ ಬೈಗುಳ.

"ನಾ ಸತ್ತೇನ್ರಿ?" ಎಂದು ನಡುಗುತ್ತ ಕೇಳಿದ.

"ಇಲ್ಲಣ್ಣ, ಹೊಸಪೇಟಿ ಬಂತು" ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಲಾರಿ ಎಲ್ಲಿ ಎಂದು ಕೇಳಿದ ಮೇಲೆ ಮಾತ್ರ ಅವನು ನಿಜವಾಗಿ ಬದುಕಿದ್ದಾನೆಂದು ನನಗೂ ಖಾತ್ರಿಯಾಯಿತು.

ಆಸ್ಪತ್ರೆಯಲ್ಲಿ ಅಜ್ಜಿಯನ್ನು ಯಾರೂ ರೋಗಿಯೆಂದು ಒಪ್ಪಲಿಲ್ಲ. "ಜೋಡಿ ಬಂದವರು ಹೊರಗ ನಿಂದರ್ರಿ" ಎಂದ ವಾರ್ಡ್ ಆಯಾಳಿಗೆ ಕಟ್ಟಿದ ಕೈ ತೋರಿಸಿ, "ಯವ್ವಾ, ಮೊದಲ ಪೇಷಂಟ್ ನಾನ. ಇಂವ ದಾರ್‍ಯಾಗ ಸಿಕ್ಕಾಂವ" ಎಂದಳು.

ಲಾರಿಯವನು ಚೆನ್ನಾಗಿದ್ದೇನೆಂದು ಎದ್ದು ಹೊರಟ. ಆ ಮಾತ್ರೆಯ ಪರಿಣಾಮ ಇನ್ನೂ ಇರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ಅಜ್ಜಿ ಬೆಂಚಿನಿಂದ, "ಕುಂದರಲೇ ಸುಮ್ನ" ಎಂದಳು. ಕುಳಿತ. ಅವಳ ಕೈಗೆ ಪ್ಲಾಸ್ಟರು ಬೀಳುವ ಹೊತ್ತಿಗೆ ಅವನು ಎರಡು ಬನ್ನು, ಒಂದು ಚಹಾ ಮುಗಿಸಿದ್ದ. ಅವನನ್ನು ಆ ರಾತ್ರಿ ಅಲ್ಲೇ ಇರಿಸಿಕೊಂಡು ಮರುದಿನ ಕಳಿಸಿದರು.

ಸಂಜೆ ಫಾರ್ಮು ತುಂಬುವಾಗ 'ರೋಗಿಗಳ ಸಂಖ್ಯೆ' ಎಂಬಲ್ಲಿ ಎರಡು ಎಂದು ಬರೆದೆ. 'ನೆರವಾದವರು' ಎಂಬ ಕಾಲಮ್ಮು ಅದರಲ್ಲಿ ಇರಲೇ ಇಲ್ಲ.

ತಿಂಗಳೆರಡಾದ ಮೇಲೆ ಸಂಡೂರಿನ ದಾರಿಯಲ್ಲಿ ಒಂದು ಲಾರಿ ನಮಗಾಗಿ ಪೂರ್ತಿ ಮಣ್ಣಿಗೆ ಇಳಿದು ದಾರಿ ಬಿಟ್ಟಿತು. ಕ್ಯಾಬಿನ್ನಿನ ಗಾಜಿನ ಹಿಂದೆ, ದೇವರ ಪಟದ ಪಕ್ಕದಲ್ಲೇ, ಬಾಳೆಹಣ್ಣಿನ ಗೊನೆಯೊಂದು ತೂಗುತ್ತಿತ್ತು. ಅಂದು ನಮ್ಮ ಸ್ಟ್ರೆಚರಿನಲ್ಲಿ ಮಲಗಿದ್ದ ಆ ಡ್ರೈವರು ಅದರಿಂದ ಒಂದು ಹಣ್ಣು ಕಿತ್ತು ನಮ್ಮ ಕಡೆ ಎತ್ತಿ ತೋರಿಸಿದ.