ಭಾವನನ್ನು ಬಿಟ್ಟು ಬಂದವಳು

ತರಬೇತಿ ಮೈದಾನದ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಕಾಂಕ್ರೀಟ್ ಕೋಣೆ. ಅದರಲ್ಲಿ ಭಾವನ ವಾಸ. ಭಾವ ಎಂದರೆ ಮರಳು ತುಂಬಿದ ಗೊಂಬೆ. ಆಳೆತ್ತರ, ಆಳಿನಷ್ಟೇ ಭಾರ. ಕೈಕಾಲು ಆಡಿಸದೆ ಬಿದ್ದುಕೊಂಡು ಎಲ್ಲರ ಕೈಲೂ ಎತ್ತಿಸಿಕೊಳ್ಳುವ ಈ ಮಹಾಶಯನಿಗೆ ಅಗ್ನಿಶಾಮಕ ಠಾಣೆಯವರು ಇಟ್ಟ ಹೆಸರದು. ಇಟ್ಟವನಿಗೆ ಎಂಥ ಅಕ್ಕನ ಗಂಡ ಸಿಕ್ಕಿದ್ದನೋ ಏನೋ.

ಪರೀಕ್ಷೆಯ ದಿನ ತರಬೇತುದಾರರು ಭಾವನನ್ನು ಒಳಗೆಲ್ಲೋ ಅಡಗಿಸಿ ಹಿಂಬಾಗಿಲಿಂದ ಹೊರಬರುತ್ತಾರೆ. ಮುಂಬಾಗಿಲಲ್ಲಿರುವವರು ಒದ್ದೆ ಹುಲ್ಲು ಸುಟ್ಟು ಒಳಗೆ ಹೊಗೆ ತುಂಬುತ್ತಾರೆ. ಮುಖವಾಡ ಹಾಕಿಕೊಂಡು, ಎಡಗೈ ಗೋಡೆಯಿಂದ ತೆಗೆಯದೆ, ತೆವಳುತ್ತ ಹುಡುಕಿ ಅವನನ್ನು ಎಳೆದು ತರಬೇಕು. ಸಾಲದ್ದಕ್ಕೆ, ಎದೆ ಗಟ್ಟಿಯಿದೆಯೋ ನೋಡಲು ಸ್ಪೀಕರಿನಲ್ಲಿ ಅಳು, ಕೂಗು, ಬಾಗಿಲು ಬಡಿಯುವ ಸದ್ದು ಹಾಕುತ್ತಾರೆ.

ತರಬೇತಿಗೆ ಸೇರಿದ್ದ ಅವಳು ಈ ಪರೀಕ್ಷೆಯಲ್ಲಿ ಎರಡು ಸಲ ಸೋತಿದ್ದಳು. ಎರಡೂ ಸಲ ಅಳುವಿನ ಬೆನ್ನು ಹತ್ತಿ, ಗೋಡೆ ಬಿಟ್ಟು, ಕತ್ತಲಲ್ಲಿ ದಿಕ್ಕು ತಪ್ಪಿದ್ದಳು.

"ಸ್ಪೀಕರನ್ನ ಬದುಕಿಸೋಕೆ ಹೋದ್ಯಲ್ಲಮ್ಮ," ಎಂದಿದ್ದರು ತರಬೇತುದಾರರು.

ಇದು ಕೊನೆಯ ಅವಕಾಶ. ತಪ್ಪಿದರೆ ಬೆಂಕಿಯ ಗಾಡಿ ಹತ್ತುವ ಆಸೆ ಬಿಟ್ಟು ಕಚೇರಿಯಲ್ಲಿ ಫೋನೆತ್ತುತ್ತ ಕೂರಬೇಕು.

ಮನೆಯಲ್ಲಿ ಅಭ್ಯಾಸ ಮಾಡಿಸಿದವರು ಅತ್ತೆ. ಸೊಸೆಯ ಕಣ್ಣಿಗೆ ಬಟ್ಟೆ ಕಟ್ಟಿ, ದಿಂಬು ಬಚ್ಚಿಟ್ಟು, ಪಾತ್ರೆ ಬಡಿದು ಗದ್ದಲ ಎಬ್ಬಿಸುತ್ತಿದ್ದರು. "ಹುಡುಕೋದಕ್ಕೆ ಸಂಬಳ ಬೇರೆ ಕೊಡ್ತಾರಾ? ನಿನ್ನ ಗಂಡನ ಕಾಲುಚೀಲ ನಾನು ಬಿಟ್ಟಿ ಹುಡುಕಿದೀನಿ." ಬರಬರುತ್ತ ಯಾವ ಸದ್ದಿಗೂ ಅವಳ ಎಡಗೈ ಗೋಡೆ ಬಿಡದಾಯಿತು.

ಮೂರನೆಯ ಸಲ ಭಾವ ಬೇಗನೆ ಸಿಕ್ಕ. ಯಾರನ್ನೋ ಕಾಯುವವನ ಹಾಗೆ ಗೋಡೆಗೊರಗಿ ಕೂತಿದ್ದ. ಅವನ ಕಂಕುಳಿಗೆ ಕೈಹಾಕಿದಳು. ಆಗ ಕೋಣೆಯ ಆಚೆ ಬದಿಯಿಂದ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್. ಸ್ಪೀಕರಿನ ಅಳು ಅದರ ಪಾಡಿಗೆ ಅದು ಸಾಗಿತ್ತು. ಈ ಸದ್ದು ಅದರದಲ್ಲ ಎನಿಸಿತು. ಹಿಂದೆಯೂ ಹೀಗೇ ಅನಿಸಿತ್ತಲ್ಲ ಎಂದು ತನ್ನನ್ನೇ ಗದರಿಸಿಕೊಂಡು ಭಾವನನ್ನು ಒಂದು ಮಾರು ಎಳೆದಳು ಕೂಡ. ಮನಸ್ಸು ತಡೆಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಕೊಡಲಿಯ ಹಿಡಿಯಿಂದ ನೆಲಕ್ಕೆ ಎರಡೇಟು ಕುಟ್ಟಿದಳು.

ಕತ್ತಲೊಳಗಿಂದ ಎರಡೇಟು ಮರಳಿ ಬಂದವು.

ಸ್ಪೀಕರು ಯಾರಿಗೂ ಉತ್ತರ ಕೊಡುವುದಿಲ್ಲ. ಈ ಸಲ ಮೂರು ಕುಟ್ಟಿದಳು. ಬಹಳ ಹೊತ್ತಿನ ಮೇಲೆ ಒಂದು ಬಂತು, ಇನ್ನೊಂದು ಬಂತು. ಮೂರನೆಯದು ಬರಲಿಲ್ಲ.

ಭಾವನನ್ನು ಬಿಟ್ಟಳು. ಗೋಡೆಯನ್ನು ಬಿಡಲಿಲ್ಲ. ನಡುವೆ ಹಾದು ಓಡುವ ಆತುರ ನುಂಗಿಕೊಂಡು, ಗೋಡೆಗುಂಟ ಸುತ್ತುಹಾಕಿಕೊಂಡೇ ಹೋದಳು. ಹಿಂಬಾಗಿಲ ಬುಡದಲ್ಲಿ ಅವಳ ಕೈಗೆ ಒಂದು ಕೈ ಸಿಕ್ಕಿತು. ಅದು ಬೆಚ್ಚಗಿತ್ತು.

ಎಳೆದು ತಂದು ಬೆಳಕಿನಲ್ಲಿ ನೋಡಿದರೆ ತರಬೇತುದಾರರು. ಕಬ್ಬಿಣದ ಹಿಂಬಾಗಿಲು ಕಚ್ಚಿಕೊಂಡು ಅವರು ಒಳಗೇ ಉಳಿದಿದ್ದರು. ಎಂದಿನಂತೆ ಹೊರಗೆ ಬಂದಿರುತ್ತಾರೆಂದು ಮುಂಬಾಗಿಲಿನವರು ಹೊಗೆ ಬಿಟ್ಟಿದ್ದರು. ಮುಖವಾಡವಿಲ್ಲದೆ ಹೊಗೆಯಲ್ಲಿ ಮುಂಬಾಗಿಲ ತನಕ ಬರಲಾಗದ ತರಬೇತುದಾರರು ಹಿಂಬಾಗಿಲು ಬಡಿದದ್ದು ಎಲ್ಲರ ಕಿವಿಗೂ ಬಿದ್ದಿತ್ತು. ಸ್ಪೀಕರಿನದೆಂದು ಎಲ್ಲರೂ ಸುಮ್ಮನಿದ್ದರು.

ಆಮ್ಲಜನಕ ಕೊಟ್ಟ ಮೇಲೆ ಅವರು ಕಣ್ಣು ಬಿಟ್ಟು, "ಭಾವ ಎಲ್ಲಮ್ಮ?" ಎಂದರು.

"ಒಳಗೇ ಇದಾನೆ ಸರ್. ಅವನಿಗೇನೂ ಅವಸರ ಇರಲಿಲ್ಲ."

ಭಾವನನ್ನು ತರದಿದ್ದರೂ ಅವಳನ್ನು ಬೆಂಕಿಯ ಗಾಡಿ ಹತ್ತಿಸಿದರು. ಅಂದಿನಿಂದ ಯಾವ ಸುಟ್ಟ ಮನೆಯಲ್ಲೂ, ಒಳಗೆ ಯಾರೂ ಉಳಿದಿಲ್ಲವೆಂದು ಎಲ್ಲರೂ ಹೇಳಿದ ಮೇಲೂ, ಅವಳು ನೆಲಕ್ಕೆ ಎರಡೇಟು ಕುಟ್ಟಿ ಕಾಯುತ್ತಾಳೆ. "ಏನಕ್ಕ, ಭಾವ ಬಾಗಿಲು ತೆಗೀತಾನಾ?" ಎಂದು ಜೊತೆಯವರು ಚುಡಾಯಿಸುತ್ತಾರೆ. ಅವಳು ನಗುವುದಿಲ್ಲ. ಅಂದು ಬಾರದ ಆ ಮೂರನೆಯ ಏಟಿಗೆ ಅವಳ ಕಿವಿ ಇನ್ನೂ ಕಾಯುತ್ತಿದೆ.